ಸ್ಟೆಮ್ ಬದಲಿಸಿದರೆ ಫ್ರೇಮಿನ ಅಳತೆ ಬದಲಾಗುವುದಿಲ್ಲ

ಪುಣೆಯ ಸೈಕಲ್ ಅಂಗಡಿಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಸುಳ್ಳು ಬೆಲೆಯ ಬಗ್ಗೆ ಅಲ್ಲ. ‘ಸ್ಟೆಮ್ ಬದಲೂನ್ ದೇತೋ’ ಎಂಬುದು. ಸ್ಟೆಮ್ ಬದಲಿಸಿಕೊಡ್ತೇನೆ, ತಗೊಂಡು ಹೋಗಿ. ನಿಮಗೆ ಬೇಕಾದ ಅಳತೆಯ ಮೌಂಟನ್ ಬೈಕ್ ಅಂಗಡಿಯಲ್ಲಿ ಇರುವುದಿಲ್ಲ. ಇರುವುದು ಒಂದು ಅಳತೆ ದೊಡ್ಡದು, ಇಲ್ಲವೇ ಒಂದು ಅಳತೆ ಚಿಕ್ಕದು. ‘ಇಲ್ಲ, ಮುಂದಿನ ತಿಂಗಳು ಬನ್ನಿ’ ಎಂದು ಹೇಳುವ ಬದಲು ಈ ಮಾತು ಹೇಳುತ್ತಾರೆ. ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಇದನ್ನೇ ಕನ್ನಡದಲ್ಲಿ ಕೇಳಿದ್ದೇನೆ. ಸಾವಿರ, ಎರಡು ಸಾವಿರ ರೂಪಾಯಿಯ ಒಂದು ಲೋಹದ ತುಂಡಿನಿಂದ ನಲವತ್ತು, ಐವತ್ತು ಸಾವಿರದ ಸೈಕಲ್ಲು ನಿಮ್ಮದಾಗುತ್ತದೆ ಎಂದು ನಂಬಿಸುವ ಮಾತು ಇದು. ನಂಬಬೇಡಿ ಎಂದು ಹೇಳುವುದಕ್ಕೇ ಈ ಬರಹ.

ಸೈಕಲ್ಲಿನ ಗೊಡವೆ ಇಲ್ಲದವರಿಗೆ ಎರಡು ಮಾತು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನಿಂದ ಒಂದು ಕೊಳವೆ ಫ್ರೇಮಿನೊಳಗೆ ಹಾದು ಮೇಲೆ ಬರುತ್ತದೆ. ಅದರ ತುದಿಗೂ ನಾವು ಹಿಡಿಯುವ ಹ್ಯಾಂಡಲ್‌ಬಾರಿಗೂ ನಡುವೆ ಇರುವ ಗಿಡ್ಡ ತುಂಡೇ ಸ್ಟೆಮ್. ಕೊಳವೆಯ ನಡುವಿನಿಂದ ಬಾರಿನ ನಡುವಿನವರೆಗೆ ಅಳೆದರೆ ಬರುವುದು ಅದರ ಉದ್ದ. ಇಂದಿನ ಮೌಂಟನ್ ಬೈಕುಗಳಲ್ಲಿ ಅದು 35 ಮಿಲಿಮೀಟರಿನಿಂದ 90ರವರೆಗೆ ಸಿಗುತ್ತದೆ. ರೋಡ್ ಸೈಕಲ್ಲುಗಳಲ್ಲಿ 100, 110, 120. ನಾಲ್ಕಾರು ಬೋಲ್ಟು ಸಡಿಲಿಸಿದರೆ ಕಳಚಿ ಬರುತ್ತದೆ, ಇನ್ನೊಂದನ್ನು ಹಾಕಬಹುದು. ಕಳಚುವುದು ಅಷ್ಟು ಸುಲಭವಾದ್ದರಿಂದಲೇ ಅದರ ತಲೆಗೆ ಎಲ್ಲ ಜವಾಬ್ದಾರಿ ಕಟ್ಟಿದ್ದಾರೆ. ಫ್ರೇಮು ಬದಲಿಸಲಾಗದು, ಸ್ಟೆಮ್ ಬದಲಿಸಬಹುದು. ಆದ್ದರಿಂದ ಫ್ರೇಮಿನ ತಪ್ಪನ್ನು ಸ್ಟೆಮ್ ತಿದ್ದಬೇಕಂತೆ. ಹೆಗಲು ಬಿಗಿಯಾದ ಅಂಗಿಗೆ ಕಾಲರಿನ ಗುಂಡಿ ಸರಿಸಿ ಕೊಡುವ ದರ್ಜಿಯನ್ನು ನಾವು ಎರಡನೇ ಸಲ ಹುಡುಕಿಕೊಂಡು ಹೋಗುವುದಿಲ್ಲ. ಸೈಕಲ್ಲಿನ ವಿಷಯದಲ್ಲಿ ಹೋಗುತ್ತೇವೆ, ಹೋಗಿ ದುಡ್ಡೂ ಕೊಡುತ್ತೇವೆ.

ನನ್ನ ಪರಿಚಯದ ಒಬ್ಬರಿಗೆ ಆದದ್ದು ಹೇಳುತ್ತೇನೆ. ಧಾರವಾಡದ ಕಡೆಯವರು, ಹಿಂಜವಡಿಯಲ್ಲಿ ಕೆಲಸ, ಎತ್ತರ ಐದು ಅಡಿ ಒಂದು ಇಂಚು. ವೇತಾಳ ಟೇಕಡಿಯ ಮಣ್ಣುದಾರಿಗಳಲ್ಲಿ ಓಡಿಸಬೇಕೆಂದು ಸೈಕಲ್ಲು ಕೊಳ್ಳಲು ಹೋದರು. ಅಂಗಡಿಯಲ್ಲಿ ಎಂ ಅಳತೆಯದು ಮಾತ್ರ ಇತ್ತು. 60 ಮಿಲಿಮೀಟರಿನ ಸ್ಟೆಮ್ ತೆಗೆದು 35ರದ್ದು ಹಾಕಿಕೊಟ್ಟರು. ಅಂಗಡಿಯೊಳಗೆ ಸ್ಟ್ಯಾಂಡಿನ ಮೇಲೆ ಕೂತು ನೋಡಿದಾಗ ಎಲ್ಲ ಸರಿ ಇತ್ತು. ಬಾರು ಕೈಗೆ ಎಟುಕಿತು, ಬೆನ್ನು ನೆಟ್ಟಗಿತ್ತು. ಟೇಕಡಿಯ ಏರಿನಲ್ಲಿ ಮುಂಚಕ್ರ ಅತ್ತಿತ್ತ ಅಲೆಯತೊಡಗಿತು. ಇಳಿಜಾರಿನಲ್ಲಿ ನಿಂತು ಬರುವಾಗ ತೋಳು ಪೂರ್ತಿ ಚಾಚಿ ಮೊಣಕೈ ಬಗ್ಗಿಸಲು ಜಾಗವೇ ಉಳಿಯಲಿಲ್ಲ. ಸಡಿಲ ಕಲ್ಲಿನ ಮೇಲೆ ಮುಂಚಕ್ರ ಜಾರಿ ಎರಡು ಸಲ ಬಿದ್ದರು. ‘ನನಗೆ ಇದು ಒಗ್ಗೂದಿಲ್ಲ ಬಿಡ್ರಿ’ ಎಂದು ಎಂಟು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದರು. ನನಗೆ ಕೋಪ ಬರುವುದು ಇಲ್ಲಿಗೇ. ಸೈಕಲ್ಲು ಅವರದಲ್ಲದ ಅಳತೆಯದಾಗಿತ್ತು, ಆದರೆ ಅವರು ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಂಡರು.

ಏನಾಯಿತು ಎಂಬುದನ್ನು ಬಿಡಿಸಿ ನೋಡೋಣ. ಫ್ರೇಮಿನಲ್ಲಿ ‘ರೀಚ್’ ಎಂಬ ಒಂದು ಅಳತೆ ಇದೆ. ಕ್ರ್ಯಾಂಕು ತಿರುಗುವ ಅಚ್ಚಿನಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆಯಿರಿ; ಆ ಗೆರೆಯಿಂದ, ಫೋರ್ಕಿನ ಕೊಳವೆ ಫ್ರೇಮಿನಿಂದ ಹೊರಬರುವ ಜಾಗಕ್ಕೆ ಅಡ್ಡಡ್ಡವಾಗಿ ಎಷ್ಟು ದೂರ? ಅದು ರೀಚ್. ಅದೇ ಜಾಗಕ್ಕೆ ನೇರ ಎತ್ತರ ಎಷ್ಟು? ಅದು ಸ್ಟ್ಯಾಕ್. ಮಣ್ಣುದಾರಿಯಲ್ಲಿ ಇಳಿಯುವಾಗ ನಾವು ಸೀಟಿನ ಮೇಲೆ ಕೂತಿರುವುದಿಲ್ಲ, ಪೆಡಲಿನ ಮೇಲೆ ನಿಂತಿರುತ್ತೇವೆ. ಆಗ ದೇಹಕ್ಕೂ ಸೈಕಲ್ಲಿಗೂ ಸಂಬಂಧ ಇರುವುದು ಎರಡೇ ಕಡೆ, ಕಾಲು ಮತ್ತು ಕೈ. ಆದ್ದರಿಂದ ಈ ಎರಡು ಅಳತೆಗಳೇ ಮುಖ್ಯ. ಸ್ಟೆಮ್ ಗಿಡ್ಡ ಮಾಡಿದರೆ ಕೈಯ ಜಾಗ ಎರಡೂವರೆ ಸೆಂಟಿಮೀಟರ್ ಹಿಂದೆ ಬಂತು, ನಿಜ. ಆದರೆ ಮುಂಚಕ್ರ ಇದ್ದಲ್ಲೇ ಇತ್ತು. ಕಾಲಿಗೂ ಮುಂಚಕ್ರಕ್ಕೂ ಇರುವ ದೂರ, ಎರಡು ಚಕ್ರಗಳ ನಡುವಿನ ದೂರ, ಫ್ರೇಮಿನ ಎತ್ತರ ಯಾವುದೂ ಕೂದಲಷ್ಟೂ ಕದಲಲಿಲ್ಲ. ದೊಡ್ಡ ಸೈಕಲ್ಲು ದೊಡ್ಡದಾಗಿಯೇ ಉಳಿಯಿತು, ಅದರ ಮೇಲೆ ಅವರ ಭಾರ ಮಾತ್ರ ಹಿಂದಕ್ಕೆ ಸರಿಯಿತು. ಮುಂಚಕ್ರದ ಮೇಲೆ ಭಾರ ಕಡಿಮೆಯಾದರೆ ಏರಿನಲ್ಲಿ ಅದು ಅಲೆಯುತ್ತದೆ, ತಿರುವಿನಲ್ಲಿ ಜಾರುತ್ತದೆ. ಇಷ್ಟೇ ಆದದ್ದು.

ಇದರ ಇನ್ನೊಂದು ಮಗ್ಗುಲೂ ಇದೆ. ಆರಡಿಯವನಿಗೆ ಚಿಕ್ಕ ಫ್ರೇಮು ಕೊಟ್ಟು 100 ಮಿಲಿಮೀಟರಿನ ಸ್ಟೆಮ್ ಹಾಕುವುದು. ಅವನು ಡಾಂಬರಿನ ಮೇಲೆ ಸುಖವಾಗಿಯೇ ಹೋಗುತ್ತಾನೆ. ಪಾಷಾಣ್ ಕಡೆಗೆ ಟೇಕಡಿ ಇಳಿಯುವಾಗ ಅವನ ಎದೆ ಮುಂಚಕ್ರದ ಅಚ್ಚಿನ ಮೇಲೆಯೇ ಬಂದು ನಿಲ್ಲುತ್ತದೆ. ಒಂದು ಕಲ್ಲಿಗೆ ಚಕ್ರ ತಡೆದರೆ ಸಾಕು, ಬಾರಿನ ಮೇಲಿಂದ ಹಾರುತ್ತಾನೆ.

ಇನ್ನು ಅಂಗಡಿಯವರ ಎದುರು ಪಕ್ಷ. ಇವರು ಯೂಟ್ಯೂಬು ನೋಡಿದವರು, ವಾಟ್ಸಾಪ್ ಗುಂಪುಗಳಲ್ಲಿ ಉಪದೇಶ ಮಾಡುವವರು. ಇವರದು ಒಂದೇ ಮಂತ್ರ: ಸ್ಟೆಮ್ ಗಿಡ್ಡವಾದಷ್ಟೂ ಒಳ್ಳೆಯದು, 35 ಹಾಕು, ಹೆಚ್ಚೆಂದರೆ 50. 70ರ ಸ್ಟೆಮ್ ಕಂಡರೆ ಮೂಗು ಮುರಿಯುತ್ತಾರೆ. ಅಂಗಡಿಯವನಿಗಿಂತ ಇವರಿಂದ ಆಗುವ ಹಾನಿ ಕಡಿಮೆಯೇನಲ್ಲ, ಯಾಕೆಂದರೆ ಇವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಅರ್ಧ ಎಲ್ಲಿಂದ ಬಂತು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೌಂಟನ್ ಬೈಕ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ. ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು ಕೆಳಗೆ ಬಿಡುತ್ತಿದ್ದ ಹುಡುಗರ ಆಟ ಅದು. ‘ರಿಪ್ಯಾಕ್’ ಎಂಬ ಇಳಿಜಾರಿನ ಪಂದ್ಯ 1976ರಲ್ಲಿ ಶುರುವಾಯಿತು. ಆಟ ಪಂದ್ಯವಾಗಿ, ಪಂದ್ಯ ದೊಡ್ಡದಾದಂತೆ ರೋಡ್ ರೇಸಿನವರು ಬಂದರು. ಅವರೊಂದಿಗೆ ಅವರ ಭಂಗಿಯೂ ಬಂತು: ಬೆನ್ನು ಬಗ್ಗಿಸಿ, ತೋಳು ಚಾಚಿ, ಮುಂದಕ್ಕೆ ಬಾಗಿ. 1990ರಲ್ಲಿ ಡುರಾಂಗೋದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಜಾನ್ ಟೋಮ್ಯಾಕ್ ತನ್ನ ಮೌಂಟನ್ ಬೈಕಿಗೆ ರೋಡ್ ಸೈಕಲ್ಲಿನ ಬಾಗಿದ ಕೊಂಬಿನ ಬಾರು ಹಾಕಿಕೊಂಡೇ ಓಡಿಸಿದ. ಆತ ಆಗ ರೋಡ್ ತಂಡದಲ್ಲೂ ಓಡುತ್ತಿದ್ದ, ಎರಡು ಕಡೆ ಎರಡು ಭಂಗಿ ಬೇಡ ಎಂಬುದು ಕಾರಣ. ಆ ಕಾಲದ ಫ್ರೇಮು ಗಿಡ್ಡ, ಫೋರ್ಕು ನೆಟ್ಟಗೆ, ಬಾರು ಕಿರಿದು, ಸ್ಟೆಮ್ ಮಾತ್ರ ಮಾರುದ್ದ; 120, 130 ಮಿಲಿಮೀಟರು ಸಾಮಾನ್ಯವಾಗಿತ್ತು.

ಅದನ್ನು ತಿರುಗಿಸಿದವರಲ್ಲಿ ಗ್ಯಾರಿ ಫಿಶರ್ ಒಬ್ಬ. 1990ರ ದಶಕದ ಕೊನೆಗೆ ‘ಜೆನೆಸಿಸ್’ ಎಂಬ ಹೆಸರಿನಲ್ಲಿ ಉದ್ದ ಫ್ರೇಮಿಗೆ ಗಿಡ್ಡ ಸ್ಟೆಮ್ ಹಾಕಿ ಮಾರಿದ. ಸ್ಪೇನಿನ ಮೊಂಡ್ರೇಕರ್ ಕಂಪನಿ 2013ರ ಮಾದರಿಗಳಲ್ಲಿ ಇದನ್ನು ತುದಿಗೇ ಒಯ್ದು ಬರೀ 10 ಮಿಲಿಮೀಟರಿನ ಸ್ಟೆಮ್ ಹಾಕಿತು. ಜನ ನಕ್ಕರು. ಹತ್ತು ವರ್ಷ ಕಳೆಯುವುದರೊಳಗೆ ಎಲ್ಲರ ಫ್ರೇಮುಗಳೂ ಆ ದಿಕ್ಕಿಗೇ ಹೊರಳಿದವು. ಆದರೆ ಗಮನಿಸಿ, ಇಬ್ಬರೂ ಮಾಡಿದ್ದು ಒಂದೇ: ಮೊದಲು ಫ್ರೇಮು ಉದ್ದ ಮಾಡಿದರು, ಆಮೇಲೆ ಸ್ಟೆಮ್ ಗಿಡ್ಡ ಮಾಡಿದರು. ಲೆಕ್ಕ ನೋಡಿ. ಹಳೆಯ ಕಾಲದ ಮಧ್ಯಮ ಅಳತೆಯ ಫ್ರೇಮಿನ ರೀಚ್ ಸುಮಾರು 395 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಸ್ಟೆಮ್ 100. ಕೂಡಿದರೆ 495. ಇಂದಿನ ಮಧ್ಯಮ ಅಳತೆಯ ಟ್ರೇಲ್ ಬೈಕಿನ ರೀಚ್ ಸುಮಾರು 450, ಸ್ಟೆಮ್ 45. ಕೂಡಿದರೆ ಮತ್ತೆ 495. ಸವಾರನ ಕೈ ಎಲ್ಲಿತ್ತೋ ಅಲ್ಲೇ ಇದೆ. ಸರಿದದ್ದು ಮುಂಚಕ್ರ; ಅದು ಕೈಯ ಮುಂದಕ್ಕೆ ಹೋಯಿತು. ಇಳಿಜಾರಿನಲ್ಲಿ ಧೈರ್ಯ ಬಂದದ್ದು ಅದರಿಂದ, ಸ್ಟೆಮ್ ಗಿಡ್ಡವಾದ ಒಂದೇ ಕಾರಣದಿಂದ ಅಲ್ಲ.

ನಮ್ಮಲ್ಲಿ ಇಪ್ಪತ್ತು, ಮೂವತ್ತು ಸಾವಿರಕ್ಕೆ ಎಂಟಿಬಿ ಎಂಬ ಹೆಸರಿನಲ್ಲಿ ಸಿಗುವ ಬಹಳಷ್ಟು ಸೈಕಲ್ಲುಗಳ ಫ್ರೇಮು ಇನ್ನೂ ಹಳೆಯ ಜಾತಿಯದು. ಗಿಡ್ಡ ಫ್ರೇಮು, 70 ಡಿಗ್ರಿ ಆಸುಪಾಸಿನಲ್ಲಿ ನೆಟ್ಟಗೆ ನಿಂತ ಫೋರ್ಕು. ಅದನ್ನು ವಿನ್ಯಾಸ ಮಾಡಿದವರು 80, 90ರ ಸ್ಟೆಮ್ ಇಟ್ಟುಕೊಂಡೇ ಲೆಕ್ಕ ಹಾಕಿರುತ್ತಾರೆ. ಅದಕ್ಕೆ 35ರದ್ದು ಹಾಕಿದರೆ 395ಕ್ಕೆ 35 ಕೂಡಿ 430 ಆಯಿತು. ಮಧ್ಯಮ ಮೈಕಟ್ಟಿನವನು ಮಕ್ಕಳ ಸೈಕಲ್ಲಿನ ಮೇಲೆ ಕೂತಂತೆ ಮುದುಡುತ್ತಾನೆ, ಮೊಣಕಾಲು ಬಾರಿಗೆ ತಾಗುತ್ತದೆ, ಸಿಂಹಗಡದ ಏರಿನಲ್ಲಿ ಮುಂಚಕ್ರ ನೆಲ ಬಿಡಲು ನೋಡುತ್ತದೆ. ಬೇರೆ ದೇಶದ ಬೇರೆ ಫ್ರೇಮಿನ ಅರ್ಧ ಲೆಕ್ಕವನ್ನು ತಂದು ಈ ಫ್ರೇಮಿಗೆ ಅಂಟಿಸಿದರೆ ಹೀಗೇ ಆಗುವುದು. ಅನುವಾದಕರಿಗೆ ಈ ರೋಗ ಚೆನ್ನಾಗಿ ಗೊತ್ತು.

‘ಸ್ಟೆಮ್ ಗಿಡ್ಡವಾದರೆ ಹ್ಯಾಂಡಲ್ ಚುರುಕಾಗುತ್ತದೆ’ ಎಂಬ ಮಾತನ್ನೂ ಇಲ್ಲೇ ಪರೀಕ್ಷಿಸಿಬಿಡೋಣ. ಪೈಥಾಗೊರಸ್ ಸಾಕು. ಬಾರಿನ ಅಗಲ 740 ಮಿಲಿಮೀಟರ್ ಇದ್ದರೆ ನಡುವಿನಿಂದ ತುದಿಗೆ 370. ಸ್ಟೆಮ್ 50 ಇದ್ದಾಗ ಕೈ ಸುತ್ತುವ ವೃತ್ತದ ತ್ರಿಜ್ಯ ಸುಮಾರು 373, ಸ್ಟೆಮ್ 100 ಆದಾಗ 383. ಸ್ಟೆಮ್ ಎರಡು ಪಟ್ಟಾದರೂ ಅಂತರ ನೂರಕ್ಕೆ ಮೂರರಷ್ಟೂ ಇಲ್ಲ. ಬಾರಿನ ತುದಿಗಳು ಸ್ವಲ್ಪ ಹಿಂದಕ್ಕೆ ಬಾಗಿರುತ್ತವಲ್ಲ, ಅದನ್ನೂ ಹಿಡಿದರೆ ಇನ್ನೂ ಕಡಿಮೆ. ಹಳೆಯ 580 ಮಿಲಿಮೀಟರಿನ ಕಿರಿದಾದ ಬಾರಿನಲ್ಲಿ, ಸ್ಟೆಮ್ 50ರಿಂದ 120ಕ್ಕೆ ಹೋದರೆ, ಅಂತರ ನೂರಕ್ಕೆ ಏಳರ ಹತ್ತಿರ ಬರುತ್ತದೆ. ಆಗ ಮಾತಿಗೆ ಒಂದಿಷ್ಟು ಅರ್ಥ ಇತ್ತು. ಈಗ ಉಳಿದಿರುವುದು ಬರೀ ಮಾತು. ಸ್ಟೆಮ್ ಬದಲಿಸಿದಾಗ ಸೈಕಲ್ಲು ಬೇರೆ ಥರ ಅನ್ನಿಸುವುದು ಖಂಡಿತ. ಅದಕ್ಕೆ ದೊಡ್ಡ ಕಾರಣ ನಿಮ್ಮ ಎದೆಯ ಭಾರ ಹಿಂದೆ ಮುಂದೆ ಸರಿದದ್ದು. ಚಿಕ್ಕ ಕಾರಣ, ಉದ್ದ ಸ್ಟೆಮ್ಮಿನಲ್ಲಿ ತಿರುಗಿಸುವಾಗ ಕೈ ಪಕ್ಕಕ್ಕೂ ತೂಗುವುದು.

ಕೈ ಎಲ್ಲಿದೆ ಎಂಬುದು ಮುಖ್ಯ, ಸ್ಟೆಮ್ಮಿನ ಮೇಲೆ ಬರೆದ ಅಂಕಿ ಅಲ್ಲ. ಅನುಮಾನ ಇದ್ದವರು ಕರ್ವೆನಗರದಲ್ಲಿರುವ ವಿಕ್ರಮ್ ಪೆಂಡ್ಸೆ ಅವರ ಸೈಕಲ್ ಮ್ಯೂಸಿಯಮ್ಮಿಗೆ ಹೋಗಿ ನೋಡಿ, ಅಥವಾ ನಿಮ್ಮೂರಿನಲ್ಲಿ ಹಾಲಿನವರ ಹಳೆಯ ಅಟ್ಲಾಸ್, ಹರ್ಕ್ಯುಲಿಸ್ ಇನ್ನೂ ಉಳಿದಿದ್ದರೆ ಅದನ್ನೇ ನೋಡಿ. ಸ್ಟೆಮ್ ಮುಂದಕ್ಕೆ ಚಾಚಿರುತ್ತದೆ, ಆದರೆ ಹ್ಯಾಂಡಲ್ಲು ಎಮ್ಮೆಯ ಕೊಂಬಿನಂತೆ ಹಿಂದಕ್ಕೆ ಬಾಗಿ, ಹಿಡಿ ಸವಾರನ ಹೊಟ್ಟೆಯ ಹತ್ತಿರಕ್ಕೇ ಬರುತ್ತದೆ.

ಹೋದ ವರ್ಷ ಒಂದು ಸೈಕಲ್ ಕೈಪಿಡಿಯ ಕನ್ನಡ ಅನುವಾದ ನನ್ನ ಪಾಲಿಗೆ ಬಂತು. ಏಜೆನ್ಸಿಯವರು ಕಳಿಸಿದ ಪದಪಟ್ಟಿಯಲ್ಲಿ ಸ್ಟೆಮ್ಮಿಗೆ ‘ಕಾಂಡ’ ಎಂದಿತ್ತು. ಗಿಡದ್ದೋ ರಾಮಾಯಣದ್ದೋ ಎಂದು ಕೇಳಿ ಬರೆದೆ, ಉತ್ತರ ಬರಲಿಲ್ಲ. ಭಾಷಾವಿಜ್ಞಾನದಲ್ಲಾದರೆ ಸ್ಟೆಮ್ ಎಂದರೆ ಪ್ರಕೃತಿ, ಪ್ರತ್ಯಯ ಬಂದು ಹತ್ತುವ ಮೂಲರೂಪ. ಸೈಕಲ್ಲಿನಲ್ಲಿ ಕತೆ ಉಲ್ಟಾ: ಫ್ರೇಮು ಪ್ರಕೃತಿ, ಸ್ಟೆಮ್ ಪ್ರತ್ಯಯ. ‘ಅಲ್ಲಿ’ ಎಂಬ ಸಪ್ತಮಿಯನ್ನು ಮನೆಗೆ ಹತ್ತಿಸುವಾಗ ನಡುವೆ ಯಕಾರ ಬರುತ್ತದೆ, ಮರಕ್ಕೆ ಹತ್ತಿಸುವಾಗ ದಕಾರ ಬರುತ್ತದೆ. ಯಾವುದು ಸರಿ ಎಂದು ಪ್ರತ್ಯಯವೊಂದನ್ನೇ ನೋಡಿ ಹೇಳಲಾದೀತೆ? ಆದರೆ ಆ ಕೈಪಿಡಿಯಲ್ಲಿ ನಿಜಕ್ಕೂ ಸಿಟ್ಟು ಬಂದದ್ದು ‘ಕಾಂಡ’ದ ಮೇಲಲ್ಲ. ನಿಮ್ಮ ಸೌಕರ್ಯಕ್ಕೆ ತಕ್ಕ ಉದ್ದದ್ದನ್ನು ಆರಿಸಿಕೊಳ್ಳಿ ಎಂಬ ವಾಕ್ಯ ಮೂಲದಲ್ಲೇ ಇತ್ತು. ಅರವತ್ತು ಪುಟದ ಕೈಪಿಡಿಯಲ್ಲಿ ಫ್ರೇಮಿನ ರೀಚ್ ಎಷ್ಟು ಎಂದು ಒಂದು ಕಡೆಯೂ ಇರಲಿಲ್ಲ. ಮುಖ್ಯ ಅಂಕಿಯನ್ನು ಬಚ್ಚಿಟ್ಟು, ಉಳಿದದ್ದನ್ನು ಗ್ರಾಹಕರ ಸೌಕರ್ಯಕ್ಕೆ ಬಿಡುವ ಔದಾರ್ಯ!

ಸೈಕಲ್ಲಿನ ಮೇಲೆ 17 ಇಂಚು, 18 ಇಂಚು ಎಂದು ಚೀಟಿ ಅಂಟಿಸಿರುತ್ತಾರಲ್ಲ, ಅದು ಸೀಟಿನ ಕೊಳವೆಯ ಉದ್ದ. ಕಾಲಿನ ಬಗ್ಗೆ ಏನೋ ಒಂದಿಷ್ಟು ಹೇಳುತ್ತದೆ, ಕೈಯ ಬಗ್ಗೆ ಏನೂ ಹೇಳುವುದಿಲ್ಲ. ಒಂದೇ 17 ಇಂಚಿನ ಎರಡು ಫ್ರೇಮುಗಳ ರೀಚಿನಲ್ಲಿ ನಾಲ್ಕು, ಐದು ಸೆಂಟಿಮೀಟರ್ ಅಂತರ ಇರಬಹುದು. ಅಂದರೆ ಜನ ತಲೆ ಕೆಡಿಸಿಕೊಳ್ಳುವ 45ರ ಸ್ಟೆಮ್ಮಿಗೂ 90ರ ಸ್ಟೆಮ್ಮಿಗೂ ಇರುವಷ್ಟೇ ಅಂತರ, ಅದೂ ಯಾರ ಕಣ್ಣಿಗೂ ಬೀಳದ ಹಾಗೆ.

ಹಾಗಾದರೆ ಸ್ಟೆಮ್ ಬದಲಿಸಲೇಬಾರದೆ? ಬದಲಿಸಿ, ಆದರೆ ಫ್ರೇಮು ಸರಿ ಇದ್ದ ಮೇಲೆ, ತಯಾರಿಸಿದವರು ಕೊಟ್ಟ ಉದ್ದದಿಂದ ಆಚೆ ಈಚೆ 10, ಹೆಚ್ಚೆಂದರೆ 20 ಮಿಲಿಮೀಟರ್. ಅದಕ್ಕೂ ಮುಂಚೆ ದುಡ್ಡು ಬೀಳದ ಕೆಲಸ ಒಂದಿದೆ. ಸ್ಟೆಮ್ಮಿನ ಕೆಳಗೆ ಬಳೆಗಳ ಹಾಗೆ ಸ್ಪೇಸರುಗಳಿರುತ್ತವೆ. ಫೋರ್ಕಿನ ಕೊಳವೆ ಹಿಂದಕ್ಕೆ ಓರೆಯಾಗಿರುವುದರಿಂದ, 30 ಮಿಲಿಮೀಟರಿನಷ್ಟು ಬಳೆಗಳನ್ನು ಸ್ಟೆಮ್ಮಿನ ಕೆಳಗಿನಿಂದ ಮೇಲಕ್ಕೆ ಹಾಕಿದರೆ ಬಾರು ಕೆಳಗಿಳಿಯುವುದಷ್ಟೇ ಅಲ್ಲ, 10ರಿಂದ 13 ಮಿಲಿಮೀಟರ್ ಮುಂದಕ್ಕೂ ಹೋಗುತ್ತದೆ. ಒಂದು ಅಳತೆ ಉದ್ದದ ಸ್ಟೆಮ್ ಹಾಕಿದಂತೆಯೇ ಆಯಿತು, ಪುಕ್ಕಟೆ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಬಾರು ಅಗಲವಾದಷ್ಟೂ ಎದೆ ಮುಂದಕ್ಕೆ ಬಾಗುತ್ತದೆ ಎಂಬುದನ್ನೂ ನೆನಪಿಡಿ. 680ರ ಬಾರು ತೆಗೆದು 760ರದ್ದು ಹಾಕಿ, ಸ್ಟೆಮ್ ಹಾಗೇ ಬಿಟ್ಟು, ಆಮೇಲೆ ಭುಜ ನೋಯುತ್ತದೆ ಎಂದು ಸೀಟನ್ನು ಮುಂದಕ್ಕೆ ಎಳೆದು, ಆಮೇಲೆ ಮೊಣಕಾಲು ನೋಯುತ್ತದೆ ಎಂದು ಕೂರುವವರನ್ನು ನೋಡಿದ್ದೇನೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿ ಎರಡು ವಾರ ಓಡಿಸಬೇಕು.

ಎಲ್ಲಿ ಓಡಿಸುತ್ತೀರಿ ಎಂಬುದರ ಮೇಲೂ ನಿಂತಿದೆ. ಪುಣೆಯಲ್ಲಿ ಎಂಟಿಬಿ ಇಟ್ಟುಕೊಂಡವರಲ್ಲಿ ಅನೇಕರು ವಾರವಿಡೀ ಓಡಿಸುವುದು ಡಾಂಬರಿನ ಮೇಲೆ, ಭಾನುವಾರ ಖಡಕವಾಸಲಾ ದಾಟಿ ಸಿಂಹಗಡದ ಘಾಟ್ ಹತ್ತುತ್ತಾರೆ. ಅವರಿಗೆ ಹಳೆಯ ಜಾತಿಯ ಫ್ರೇಮಿನ ಮೇಲೆ 70, 80ರ ಸ್ಟೆಮ್ಮೇ ಸರಿ, ನಾಚಿಕೆ ಪಡುವಂಥದ್ದೇನೂ ಇಲ್ಲ. ವೇತಾಳ, ತಳಜಾಯಿ, ಬಾವಧನ್ ಕಡೆಯ ಗುಡ್ಡಗಳಲ್ಲಿ ಇಳಿಯುವವರ ಮಾತು ಬೇರೆ. ಇಲ್ಲಿಯವರು ಮುರುಮ್ ಎನ್ನುವ, ನಮ್ಮ ಕಡೆ ಗರಸು ಎನ್ನುವ ಮಣ್ಣು ಮಳೆ ನಿಂತು ಎರಡು ತಿಂಗಳಾದ ಮೇಲೆ ರಾಗಿ ಹರವಿದಂತೆ ಜಾರುತ್ತದೆ. ಅಲ್ಲಿ ಉದ್ದ ಫ್ರೇಮು, 50ರ ಆಸುಪಾಸಿನ ಸ್ಟೆಮ್ ಬೇಕು. ವಿಜಯಪುರ, ಬಾಗಲಕೋಟೆಗಳಲ್ಲಿ ಸೈಕಲ್ ರೇಸಿನ ದೊಡ್ಡ ಪರಂಪರೆ ಇದೆ, ಅಲ್ಲಿಯ ಹಿರಿಯರ ಮಾತಿಗೆ ಬೆಲೆ ಇದೆ. ಆದರೆ ಅದು ರೋಡ್ ಮತ್ತು ಟ್ರ್ಯಾಕಿನ ಮಾತು. ‘ತೋಳು ಪೂರ್ತಿ ಚಾಚಬೇಕು ತಮ್ಮಾ’ ಎಂಬ ಅವರ ಸಲಹೆ ಗುಡ್ಡದ ಇಳಿಜಾರಿಗೆ ಹೊಂದುವುದಿಲ್ಲ.

ನನ್ನ ವಾದಕ್ಕೆ ಎದುರು ಬರುವ ಗಟ್ಟಿ ಮಾತೊಂದಿದೆ. ‘ನೀವು ಹೇಳೋದೆಲ್ಲ ಸರಿ, ಆದರೆ ಐದಡಿಯ ಹೆಂಗಸಿಗೆ ಎಸ್ ಅಳತೆಯ ಫ್ರೇಮು ಎಲ್ಲಿಂದ ತರೋಣ? ಕಂಪನಿ ಕಳಿಸೋದೇ ಎಂ ಮತ್ತು ಎಲ್. ಇಲ್ಲ ಅಂದರೆ ಅವರು ಸೈಕಲ್ಲೇ ಕೊಳ್ಳೋದಿಲ್ಲ.’ ಒಬ್ಬ ಅಂಗಡಿಯವರು ನನಗೆ ನೇರವಾಗಿ ಹೀಗೆಂದರು, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಎರಡು ಮಾತು ಹೇಳುತ್ತೇನೆ. ತಪ್ಪು ಅಳತೆಯದು ಖರ್ಚಾಗುತ್ತಾ ಹೋದರೆ ಸರಿ ಅಳತೆಯದನ್ನು ಕಳಿಸುವ ದರ್ದು ಕಂಪನಿಗೆ ಯಾವತ್ತೂ ಬರುವುದಿಲ್ಲ. ‘ಎಂ ಚೆನ್ನಾಗಿ ಹೋಗುತ್ತಿದೆ’ ಎಂದೇ ಅವರ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಎರಡನೆಯದು, ಸೈಕಲ್ಲು ಕೊಂಡು ಎಂಟು ತಿಂಗಳಲ್ಲಿ ಬಿಟ್ಟವರು ಇನ್ನೊಮ್ಮೆ ಆ ಅಂಗಡಿಗೆ ಬರುವುದಿಲ್ಲ. ತಮ್ಮ ತಂಗಿಗೂ ಬೇಡ ಎನ್ನುತ್ತಾರೆ. ಎಸ್ ಇಲ್ಲದಿದ್ದರೆ 26 ಇಂಚು ಚಕ್ರದ ಚಿಕ್ಕ ಫ್ರೇಮು ತೋರಿಸಿ, ಸೆಕೆಂಡ್ ಹ್ಯಾಂಡ್ ತೋರಿಸಿ, ಬೇರೆ ಕಂಪನಿಯದು ತೋರಿಸಿ. ಯಾವುದೂ ಇಲ್ಲದಿದ್ದರೆ ಇಲ್ಲ ಎನ್ನಿ.

ಕೊಳ್ಳುವವರು ಕೇಳಬೇಕಾದದ್ದು ಒಂದೇ: ಈ ಫ್ರೇಮಿನ ರೀಚ್ ಎಷ್ಟು, ಸ್ಟ್ಯಾಕ್ ಎಷ್ಟು? ಉತ್ತರ ಗೊತ್ತಿಲ್ಲ ಎಂದರೆ ಟೇಪು ತರಲು ಹೇಳಿ, ಗೋಡೆಗೆ ಒರಗಿಸಿ ನೀವೇ ಅಳೆಯಿರಿ; ಐದು ನಿಮಿಷದ ಕೆಲಸ. ಅಂಗಡಿಯ ಸ್ಟ್ಯಾಂಡಿನ ಮೇಲೆ ಕೂತು ನೋಡಿ ತೀರ್ಮಾನ ಮಾಡಬೇಡಿ. ಹೊರಗೆ ತಂದು, ಸೀಟು ಇಳಿಸಿ, ಎರಡೂ ಪೆಡಲು ಸಮ ಮಾಡಿ ನಿಲ್ಲಿ, ಮೊಣಕೈ ಹೊರಕ್ಕೆ ಬಗ್ಗಿಸಿ ಎದೆ ತಗ್ಗಿಸಿ. ಆ ಭಂಗಿಯಲ್ಲಿ ಕೈ ನೇರವಾಗಿಬಿಟ್ಟರೆ ಫ್ರೇಮು ದೊಡ್ಡದು, ಎದೆ ಮುಂಚಕ್ರದ ಅಚ್ಚಿನ ಮೇಲೆ ಬಂದರೆ ಚಿಕ್ಕದು.

ಇಷ್ಟೆಲ್ಲ ಆದ ಮೇಲೂ ಸ್ಟೆಮ್ ಬದಲಿಸುವುದಾದರೆ, ಬಾರು ಹಿಡಿಯುವ ಬಾಯಿಯ ವ್ಯಾಸ ನೋಡಿಕೊಳ್ಳಿ. 25.4, 31.8, 35 ಎಂದು ಮೂರು ಬಗೆ ಇವೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. 31.8ರ ಸ್ಟೆಮ್ಮಿನಲ್ಲಿ 25.4ರ ಬಾರಿಟ್ಟು ಸಂದಿಗೆ ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ತುಂಬಿದ್ದನ್ನು ನಾನು ಇದೇ ಊರಿನಲ್ಲಿ ಕಣ್ಣಾರೆ ನೋಡಿದ್ದೇನೆ. ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂಬುದು ಸ್ಟೆಮ್ಮಿನ ಮೇಲೆಯೇ ಇರುತ್ತದೆ, ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್. ಟಾರ್ಕ್ ರೆಂಚಿಲ್ಲದೆ ‘ಅಂದಾಜ್ ಆಹೇ’ ಎನ್ನುವವರ ಕೈಗೆ ಕೊಡಬೇಡಿ. ಹಾಕಿದ ಮೇಲೆ ಬಾರನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕಿನ ಕೇಬಲ್ಲು ಎಳೆಯುತ್ತದೆಯೇ ನೋಡಿ. ಎಳೆದರೆ ಅಲ್ಲೇ ಉದ್ದದ ಕೇಬಲ್ಲು ಹಾಕಿಸಿಕೊಂಡೇ ಹೊರಡಿ.